ಐಡಿಯಾ ಇದೆ, ಆಟ ಎಲ್ಲಿ?

ಹೊಸ ಬೋರ್ಡ್ ಗೇಮ್ ಮಾಡಲು ಹೊರಟವರು ಮೊದಲು ಮಾಡುವ ಕೆಲಸ ದನಿ ತಗ್ಗಿಸುವುದು. "ನನ್ನ ಹತ್ರ ಒಂದು ಐಡಿಯಾ ಇದೆ, ಈಗಲೇ ಹೇಳೋಕಾಗಲ್ಲ" ಎನ್ನುತ್ತಾರೆ. ಸ್ವಲ್ಪ ಒತ್ತಾಯ ಮಾಡಿದರೆ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು ಬಾಯಿಬಿಡುತ್ತಾರೆ. ಬೆಂಗಳೂರು ಟ್ರಾಫಿಕ್ ಮೇಲೊಂದು ಆಟವಂತೆ. ಸಿಲ್ಕ್ ಬೋರ್ಡಿನಿಂದ ಹೊರಟು ಹೆಬ್ಬಾಳಕ್ಕೆ ಮೊದಲು ತಲುಪಿದವರು ಗೆದ್ದಂತೆ. ಗುಂಡಿ ಸಿಕ್ಕರೆ ಎರಡು ಮನೆ ಹಿಂದಕ್ಕೆ, ಆಂಬುಲೆನ್ಸಿನ ಬೆನ್ನು ಹಿಡಿದರೆ ಮೂರು ಮನೆ ಮುಂದಕ್ಕೆ. ಕೇಳಿದವರಿಗೆ ನಗು ಬರುತ್ತದೆ, ಅದು ನಿಜ. ಆದರೆ ದಾಳ ಹಾಕು, ಬಿದ್ದಷ್ಟು ನಡೆ, ಆ ಮನೆಯಲ್ಲಿ ಬರೆದದ್ದನ್ನು ಓದಿ ಹಿಂದೆ ಮುಂದೆ ಹೋಗು ಎನ್ನುವ ಆಟಕ್ಕೆ ಆಗಲೇ ಒಂದು ಹೆಸರಿದೆ. ಹಾವು ಏಣಿ.

ಇದು ಒಬ್ಬಿಬ್ಬರ ಹುಚ್ಚಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಐಡಿಯಾ ಹೊಳೆದರೆ ಮುಕ್ಕಾಲು ಆಟ ಆದಂತೆ, ಉಳಿದದ್ದು ಚಿತ್ರ ಬರೆಸಿ ಡಬ್ಬಿ ಮಾಡಿಸುವ ತಾಪತ್ರಯ ಅಷ್ಟೇ ಎನ್ನುವುದು ಈಗ ಎಲ್ಲರೂ ಒಪ್ಪಿಕೊಂಡ ಮಾತು. ಸ್ಟಾರ್ಟಪ್ ವೇದಿಕೆಗಳಲ್ಲಿ ಇದನ್ನೇ ಹೇಳುತ್ತಾರೆ, ಪತ್ರಿಕೆಗಳ ಯಶೋಗಾಥೆಗಳಲ್ಲಿ ಇದನ್ನೇ ಬರೆಯುತ್ತಾರೆ. ಶಾಲೆಗಳಲ್ಲಿ 'ಹೊಸ ಆಟ ಕಂಡುಹಿಡಿಯಿರಿ' ಎಂದು ಸ್ಪರ್ಧೆ ಇಟ್ಟರೆ ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಬಣ್ಣಬಣ್ಣದ ಚೌಕ ಬರೆದು ತರುತ್ತಾರೆ, ತೀರ್ಪುಗಾರರು ಶೀಟುಗಳ ಮುಂದೆ ನಡೆದುಹೋಗುತ್ತಾ ಅಂಕ ಹಾಕುತ್ತಾರೆ. ಒಬ್ಬರಾದರೂ ನೆಲದ ಮೇಲೆ ಕೂತು ಒಂದು ಸುತ್ತು ಆಡುವುದಿಲ್ಲ. ಅಡುಗೆ ಸ್ಪರ್ಧೆಯಲ್ಲಿ ಮಾಡುವ ವಿಧಾನ ಓದಿ ಬಹುಮಾನ ಕೊಟ್ಟ ಹಾಗೆ.

ನನ್ನ ತಕರಾರು ಇಷ್ಟು: ಬೋರ್ಡ್ ಗೇಮಿನಲ್ಲಿ ಅತ್ಯಂತ ಅಗ್ಗದ ಸಾಮಾನು ಎಂದರೆ ಐಡಿಯಾ. ಅದು ಆಟದ ಬೀಜವೂ ಅಲ್ಲ. ಬಹಳ ಸಲ ಅದಕ್ಕೂ ಆಟಕ್ಕೂ ಸಂಬಂಧವೇ ಇರುವುದಿಲ್ಲ. ಈಗಂತೂ ಕಂಪ್ಯೂಟರಿಗೆ ಹೇಳಿದರೆ ನಿಮಿಷದೊಳಗೆ ನೂರು ಐಡಿಯಾ ಸುರಿಯುತ್ತದೆ, ಅವುಗಳಲ್ಲಿ ಟ್ರಾಫಿಕ್ ಆಟವೂ ಖಂಡಿತ ಇರುತ್ತದೆ.

ಗುಟ್ಟಿನ ವಿಚಾರ ಮೊದಲು ಮುಗಿಸಿಬಿಡೋಣ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಯಾವುದು ಆವಿಷ್ಕಾರ ಅಲ್ಲ ಎನ್ನುವ ಪಟ್ಟಿ ಇದೆ. ಅದರ 'ಎಂ' ಉಪವಿಭಾಗದಲ್ಲಿ ಆಟ ಆಡುವ ವಿಧಾನವನ್ನು ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಕಾಪಿರೈಟ್ ಸಿಗುವುದು ನಿಯಮಗಳನ್ನು ಬರೆದ ವಾಕ್ಯಗಳಿಗೆ, ಮಣೆಯ ಮೇಲಿನ ಚಿತ್ರಕ್ಕೆ, ಒಳಗಿನ ವಿಚಾರಕ್ಕಲ್ಲ. ಒಂದು ನಾಟಕವನ್ನು ಸಿನಿಮಾದವರು ಕದ್ದರೆಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಹೇಳಿತು. ಅಂದರೆ ದನಿ ತಗ್ಗಿಸಿ ಕಾಪಾಡುತ್ತಿರುವ ಆಸ್ತಿಗೆ ಖಾತೆಯೇ ಇಲ್ಲ. ನಷ್ಟ ಮಾತ್ರ ಇದೆ. ಯಾರಿಗೂ ತೋರಿಸದ ಆಟವನ್ನು ಯಾರೂ ಆಡಿರುವುದಿಲ್ಲ; ಯಾರೂ ಆಡದ ಆಟ ಚೆನ್ನಾಗಿದೆಯೋ ಕೆಟ್ಟಿದೆಯೋ ಅದನ್ನು ಮಾಡಿದವನಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಆಟ ಎಲ್ಲಿರುತ್ತದೆ? ಮೊಲ ಮತ್ತು ಆಮೆಯ ಕತೆಯನ್ನೇ ತೆಗೆದುಕೊಳ್ಳಿ. ಇದಕ್ಕಿಂತ ಸವೆದ ಐಡಿಯಾ ಬೇಕೆಂದರೂ ಸಿಗದು. ಇವತ್ತಿನ ಯಾವುದೇ ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಹೊರಕ್ಕೆ. ಇಂಗ್ಲೆಂಡಿನ ಡೇವಿಡ್ ಪಾರ್ಲೆಟ್ 1970ರ ದಶಕದ ಮೊದಲರ್ಧದಲ್ಲಿ ಇದೇ ಕತೆ ಹಿಡಿದು ಆಟ ಮಾಡಿದರು. ಜರ್ಮನಿಯಲ್ಲಿ 'ವರ್ಷದ ಆಟ' ಪ್ರಶಸ್ತಿಯನ್ನು 1979ರಲ್ಲಿ ಮೊದಲ ಸಲ ಕೊಟ್ಟಾಗ ಅದು ಹೋದದ್ದು ಈ ಆಟಕ್ಕೆ. ಇದರಲ್ಲಿ ನಡೆಯಲು ದಾಳ ಹಾಕುವುದಿಲ್ಲ. ಆಟಗಾರರ ಕೈಯಲ್ಲಿ ಕ್ಯಾರೆಟ್ ಇರುತ್ತದೆ, ಅದನ್ನು ತೆತ್ತು ಮುಂದೆ ಹೋಗಬೇಕು. ಒಂದು ಮನೆಗೆ ಒಂದು ಕ್ಯಾರೆಟ್. ಎರಡು ಮನೆಗೆ ಒಂದು ಕೂಡಿಸು ಎರಡು, ಅಂದರೆ ಮೂರು. ಐದು ಮನೆಗೆ 15. ಒಂದೇ ನೆಗೆತಕ್ಕೆ ಹತ್ತು ಮನೆ ಹಾರಿದರೆ 55. ಅದೇ ಹತ್ತು ಮನೆಯನ್ನು ಒಂದೊಂದಾಗಿ ಹತ್ತು ಸರದಿಯಲ್ಲಿ ನಡೆದರೆ ಬರೀ ಹತ್ತು. ಕ್ಯಾರೆಟ್ ಮುಗಿಯುತ್ತಾ ಬಂದರೆ ಹಿಂದಿನ ಆಮೆ ಮನೆಗೆ ವಾಪಸು ಹೋಗಬೇಕು, ಹಿಂದೆ ಹೋದ ಪ್ರತಿ ಮನೆಗೆ ಹತ್ತು ಕ್ಯಾರೆಟ್ ಸಿಗುತ್ತದೆ. ಕೊನೆಯ ಗೆರೆ ದಾಟುವಾಗ ಕೈ ಹೆಚ್ಚುಕಡಿಮೆ ಬರಿದಾಗಿರಬೇಕು ಎಂಬ ಕಟ್ಟಳೆ ಬೇರೆ. ಓಡಿದರೆ ದಿವಾಳಿ, ಕೂಡಿಟ್ಟರೂ ಗೆಲುವಿಲ್ಲ. ಮೊಲ ಯಾಕೆ ಸೋತಿತು ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ, ಕೂಡುವ ಲೆಕ್ಕವೇ ಕೈ ಹಿಡಿದು ನಿಲ್ಲಿಸುತ್ತದೆ. ಚಿತ್ರವನ್ನೆಲ್ಲ ಅಳಿಸಿ ಬರೀ ಗೆರೆ ಎಳೆದ ರಟ್ಟಿನ ಮೇಲೆ ಆಡಿದರೂ ಈ ಆಟ ನಿಲ್ಲುತ್ತದೆ. ಟ್ರಾಫಿಕ್ ಆಟದ ಚಿತ್ರ ಅಳಿಸಿ ನೋಡಿ, ಏನು ಉಳಿಯುತ್ತದೆ ಎಂದು.

ಆಟದ ವಸ್ತು ಮುಖ್ಯವೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಿಯಮದೊಳಕ್ಕೆ ಇಳಿದರೆ ಮುಖ್ಯ. ಮ್ಯಾಟ್ ಲೀಕಾಕ್ ಅವರ 'ಪ್ಯಾಂಡೆಮಿಕ್' 2008ರಲ್ಲಿ ಬಂದ ಆಟ, ಆಟಗಾರರೆಲ್ಲ ಒಂದೇ ಪಕ್ಷ, ರೋಗ ಎದುರಾಳಿ. ಅದರಲ್ಲಿ ರೋಗ ಬಿದ್ದ ಊರುಗಳ ಎಲೆಗಳನ್ನು ಆಗಾಗ ಕಲಸಿ ಮತ್ತೆ ಕಟ್ಟಿನ ಮೇಲಕ್ಕೇ ಇಡಬೇಕು. ಹಾಗಾಗಿ ಒಮ್ಮೆ ನರಳಿದ ಊರೇ ಮತ್ತೆ ಮತ್ತೆ ನರಳುತ್ತದೆ. ಸಾಂಕ್ರಾಮಿಕದ ಭಯ ಬರುವುದು ಡಬ್ಬಿಯ ಮೇಲಿನ ಚಿತ್ರದಿಂದಲ್ಲ, ಎಲೆ ಕಲಸುವ ಆ ಒಂದು ಕಟ್ಟಳೆಯಿಂದ. ನಮ್ಮಲ್ಲಿ 'ಪರಂಪರೆ' ಹೆಸರಿನಲ್ಲಿ ಬರುತ್ತಿರುವ ಎಷ್ಟೋ ಡಬ್ಬಿಗಳಲ್ಲಿ ಕಲ್ಲಿನ ರಥದ ಚಿತ್ರ ಇರುತ್ತದೆ, ಒಳಗೆ "ಕಲ್ಲಿನ ರಥ ಯಾವ ದೇವಾಲಯದ ಆವರಣದಲ್ಲಿದೆ?" ಎಂಬ ಚೀಟಿ ಇರುತ್ತದೆ. ವಿಠ್ಠಲ ದೇವಾಲಯ ಎಂದರೆ ಎರಡು ಮನೆ ಮುಂದೆ. ಪ್ರಶ್ನೆಪತ್ರಿಕೆಯನ್ನು ಕತ್ತರಿಸಿ ಮಾಡಿದ ಈ ಆಟ ಎರಡನೇ ಸಲ ಕೂತಾಗ ಸತ್ತುಹೋಗಿರುತ್ತದೆ, ಉತ್ತರ ಎಲ್ಲರಿಗೂ ಗೊತ್ತಾಗಿರುತ್ತದಲ್ಲ.

ಐಡಿಯಾವಾದಿಗಳ ಬತ್ತಳಿಕೆಯಲ್ಲಿ ಒಂದು ದೊಡ್ಡ ಬಾಣ ಇದೆ, ಮೊನೊಪಲಿ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಚಾರ್ಲ್ಸ್ ಡಾರೊ ಎಂಬಾತನಿಗೆ ಒಂದು ಐಡಿಯಾ ಹೊಳೆಯಿತು, 1935ರಲ್ಲಿ ಪಾರ್ಕರ್ ಬ್ರದರ್ಸ್ ಅದನ್ನು ಕೊಂಡಿತು, ಆತ ಕೋಟ್ಯಧೀಶನಾದ. ದಶಕಗಳ ಕಾಲ ಹೇಳಿಕೊಂಡು ಬಂದ ಕತೆ ಇದು. ಕೇಳಲು ಬಹಳ ಚೆನ್ನಾಗಿದೆ, ನಿಜ ಅಲ್ಲ. ಆ ಆಟದ ಮೂಲ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ 'ಜಮೀನ್ದಾರನ ಆಟ'. ನೆಲದ ಬಾಡಿಗೆ ತಿಂದು ಕೊಬ್ಬುವವರಿಂದ ಸಮಾಜ ಹೇಗೆ ಬಡವಾಗುತ್ತದೆ ಎಂದು ತೋರಿಸುವುದು ಆಕೆಯ ಉದ್ದೇಶ. ಭೂಮಿಯ ಮೇಲೆ ಮಾತ್ರ ತೆರಿಗೆ ಇರಲಿ ಎನ್ನುತ್ತಿದ್ದ ಹೆನ್ರಿ ಜಾರ್ಜ್ ಆಕೆಯ ಗುರು. ಮುಂದೆ ಮೂವತ್ತು ವರ್ಷ ಈ ಆಟ ಕಾಲೇಜುಗಳಲ್ಲಿ, ಸ್ನೇಹಿತರ ಮನೆಗಳಲ್ಲಿ, ಕೈಯಿಂದ ಬರೆದ ಮಣೆಗಳ ಮೇಲೆ ಓಡಾಡಿತು. ಆಡಿದವರು ತಮ್ಮೂರಿನ ಬೀದಿಗಳ ಹೆಸರು ಹಾಕಿಕೊಂಡರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದ ಗೆಳೆಯರ ಬಳಗ ಹಾಕಿಕೊಂಡ ಬೀದಿ ಹೆಸರುಗಳೇ ಇಂದಿಗೂ ಅಮೆರಿಕದ ಮಣೆಯ ಮೇಲಿವೆ. ಡಾರೊ ಈ ಆಟವನ್ನು ಪರಿಚಯದವರ ಮನೆಯಲ್ಲಿ ಕಲಿತಿದ್ದ. ಮ್ಯಾಗಿಯ ಪೇಟೆಂಟನ್ನು ಕಂಪನಿ 500 ಡಾಲರಿಗೆ ಕೊಂಡು ಬಾಯಿ ಮುಚ್ಚಿಸಿತು. ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು 'ಆ್ಯಂಟಿ ಮೊನೊಪಲಿ' ಎಂಬ ಆಟ ಮಾಡಿ 1970ರ ದಶಕದಲ್ಲಿ ಕೋರ್ಟು ಮೆಟ್ಟಿಲು ಹತ್ತಬೇಕಾಗಿ ಬಂದಾಗಲೇ ಇದೆಲ್ಲ ಹೊರಬಿದ್ದದ್ದು.

ಮ್ಯಾಗಿಗೆ ಅನ್ಯಾಯವಾಯಿತು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ "ನೋಡಿ, ಐಡಿಯಾ ಆಕೆಯದು, ಅದನ್ನು ಕದ್ದರು" ಎಂದು ಈ ಕತೆಯನ್ನು ತಮ್ಮ ಪರವಾಗಿ ಎಳೆದುಕೊಳ್ಳುವವರು ಒಂದು ಗಮನಿಸಲಿ. ಆಕೆಯ ಐಡಿಯಾ ಏನಿತ್ತು? ಜಮೀನ್ದಾರಿಕೆ ಕೆಟ್ಟದ್ದು. ಮೇಜಿನ ಸುತ್ತ ಕೂತವರಿಗೆ ಅದರಿಂದ ಸಿಕ್ಕಿದ್ದೇನು? ಜಮೀನ್ದಾರನಾಗುವ ಸುಖ. ಎಲ್ಲರಿಗೂ ಪಾಲು ಸಿಗುವ ಇನ್ನೊಂದು ಬಗೆಯ ನಿಯಮಗಳನ್ನೂ ಆಕೆ ಇಟ್ಟಿದ್ದರು, ಆಡುವವರು ಅದನ್ನು ಬದಿಗಿಟ್ಟು ಎದುರಿನವನನ್ನು ಬೀದಿಗೆ ತರುವ ನಿಯಮಗಳನ್ನೇ ಹಿಡಿದುಕೊಂಡರು. ನಾವು ಬೇಸಿಗೆ ರಜೆಯಲ್ಲಿ ಮುಂಬೈ, ದೆಹಲಿ ಕೊಂಡುಕೊಂಡು 'ಬಿಸಿನೆಸ್' ಆಡುವಾಗ ತಮ್ಮನನ್ನು ದಿವಾಳಿ ಎಬ್ಬಿಸಿ ಕೇಕೆ ಹಾಕಿದ್ದು ಇದೇ ಕಾರಣಕ್ಕೆ. ಐಡಿಯಾ ಒಂದು ದಿಕ್ಕಿಗೆ ಎಳೆಯಿತು, ನಿಯಮ ಇನ್ನೊಂದು ದಿಕ್ಕಿಗೆ, ಗೆದ್ದದ್ದು ನಿಯಮ.

ಹೆಸರೇ ಇಲ್ಲದವರು ಮಾಡಿದ ಆಟ ನಮ್ಮ ಹಜಾರದಲ್ಲೇ ಇದೆ. ಚೌಕಾಬಾರಾ. ಐದಕ್ಕೈದು ಮನೆ, ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕವಡೆ ಸಮವಾಗಿ ಬೀಳುತ್ತದೆ ಎಂದು ಲೆಕ್ಕ ಹಿಡಿದರೆ, 16ರಲ್ಲಿ ಆರು ಸಲ ಎರಡು ಬೀಳುತ್ತದೆ, ಒಂದು ಮತ್ತು ಮೂರು ತಲಾ ನಾಲ್ಕು ಸಲ, ಚೌಕ ಒಮ್ಮೆ, ಎಂಟು ಒಮ್ಮೆ. ಹಾಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದೆಂದರೆ ಕುತ್ತಿಗೆ ಕೊಟ್ಟಂತೆ. ನಮ್ಮ ಅಜ್ಜಿಯರಿಗೆ ಈ ಲೆಕ್ಕ ಬರೆದು ತೋರಿಸಿದರೆ ನಗುತ್ತಿದ್ದರೇನೋ. ಅವರ ಕೈ ಅಲ್ಲಿ ಕಾಯಿ ಇಡುತ್ತಿರಲಿಲ್ಲ, ಅಷ್ಟೇ. ಈಗ ಆರು ಮುಖದ ದಾಳ ನೋಡಿ: ಎಲ್ಲ ಗರಕ್ಕೂ ಒಂದೇ ಬೆಲೆ, ಎಲ್ಲ ದೂರವೂ ಒಂದೇ ಅಪಾಯ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪಗಡೆಯನ್ನು ಸರಳ ಮಾಡಿ ಲೂಡೊ ಎಂದು ಪೇಟೆಂಟ್ ಪಡೆದರಲ್ಲ, ಅದರಲ್ಲಿ ಕಾಯಿ ಹೊರಬರಲು ಆರು ಬೀಳಬೇಕು. ಆರು ಸರದಿ ಕಾದರೂ ಮೂವರಲ್ಲಿ ಒಬ್ಬರಿಗೆ ಆರು ಬಿದ್ದಿರುವುದಿಲ್ಲ. ಮಣೆಯ ಚಿತ್ರ ಎಷ್ಟೇ ಅಂದವಾಗಿರಲಿ, ಮೂಲೆಯಲ್ಲಿ ಕೂತು ಬೇರೆಯವರ ಆಟ ನೋಡುವ ಮಗುವಿಗೆ ಅದು ಆಟವಲ್ಲ.

ಚೌಕಾಬಾರಾದಲ್ಲಿ ಇನ್ನೊಂದು ಕಟ್ಟಳೆ ಇದೆ, ಎಷ್ಟೋ ಮನೆಗಳಲ್ಲಿ ಪಾಲಿಸುತ್ತಾರೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ನೀವು ಒಳಸುತ್ತಿಗೆ ಇಳಿಯುವಂತಿಲ್ಲ. ಇದನ್ನು ಯಾರು ತಂದರು ಎಂದು ಗೊತ್ತಿಲ್ಲ, ಯಾಕೆ ತಂದರು ಎಂದು ಮಾತ್ರ ಆಡಿದರೆ ಗೊತ್ತಾಗುತ್ತದೆ. ಈ ಕಟ್ಟಳೆ ಇಲ್ಲದಿದ್ದರೆ ಯಾರ ತಂಟೆಗೂ ಹೋಗದೆ ಕಟ್ಟೆಯಿಂದ ಕಟ್ಟೆಗೆ ಸರಿದು ಹಣ್ಣು ಮಾಡಿಕೊಳ್ಳುವ ಜಾಣ ಗೆಲ್ಲುತ್ತಾನೆ, ಆಟ ಸಪ್ಪೆಯಾಗುತ್ತದೆ. ಯಾವುದೋ ಜಗಲಿಯ ಮೇಲೆ ಯಾರಿಗೋ ಇದು ಬೇಜಾರಾಗಿ "ಕಡೀದೆ ಒಳಗ್ ಹೋಗೋ ಹಾಗಿಲ್ಲ" ಎಂದಿರಬೇಕು, ಉಳಿದವರು ಒಪ್ಪಿರಬೇಕು. ಹೊಸ ಐಡಿಯಾ ಒಂದೂ ಇಲ್ಲ ಇಲ್ಲಿ. ಕೆಟ್ಟ ಕಡೆ ರಿಪೇರಿ ಮಾಡಿದ್ದಾರೆ.

ಇದಕ್ಕೆ ಎದುರಾಗಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯಬೇಕು. ಆಟ ಕಲ್ಪಿಸುವುದರಲ್ಲಿ ಅವರಷ್ಟು ಸಮೃದ್ಧರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವರು ವಿವರಿಸಿದ ಗಂಜೀಫಾ ಎಲೆಯಾಟಗಳಲ್ಲಿ ಕೆಲವಕ್ಕೆ 300ಕ್ಕೂ ಹೆಚ್ಚು ಎಲೆ ಬೇಕು. ಆ ಎಲೆಗಳ ಚಿತ್ರ ನೋಡಿದರೆ ಕಣ್ಣು ತುಂಬುತ್ತದೆ. ಆಡುವವರು ಇಲ್ಲ. ಕಲೆಯಾಗಿ ಅವು ಉಳಿದವು. ಆಟವಾಗಿ ಉಳಿದದ್ದು ಸೀಮೆಸುಣ್ಣದಲ್ಲಿ ಗೆರೆ ಎಳೆದ ಐದಕ್ಕೈದು.

ಕನ್ನಡದಲ್ಲಿ ಆಟ ಮಾಡುತ್ತೇನೆಂದು ಬರುವ ಪ್ರತಿಯೊಬ್ಬರಿಗೂ ಹೊಳೆಯುವ ಇನ್ನೊಂದು ಐಡಿಯಾ ಕನ್ನಡ ಸ್ಕ್ರ್ಯಾಬಲ್. ಹೊಳೆಯಲು ಒಂದು ಕ್ಷಣ ಸಾಕು. ಆಮೇಲಿನದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಐಡಿಯಾ ಎನ್ನುವುದು ಎಷ್ಟು ಕಡಿಮೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ 100 ಬಿಲ್ಲೆ, ಅದರಲ್ಲಿ ಎರಡು ಖಾಲಿ. ಕನ್ನಡದಲ್ಲಿ ಬಿಲ್ಲೆಯ ಮೇಲೆ ಏನು ಬರೆಯುವುದು? ಅಕ್ಷರ ಎಂದರೆ, 34 ವ್ಯಂಜನಕ್ಕೆ 13 ಸ್ವರ ಸೇರಿ ಗುಣಿತಾಕ್ಷರಗಳೇ 442. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪ್ರತಿಯೊಂದಕ್ಕೂ ಒಂದೊಂದೇ ಬಿಲ್ಲೆ ಮಾಡಿದರೂ ಚೀಲ ಬೇಕು, ಕೈಗೆ ಬಂದ ಏಳು ಬಿಲ್ಲೆಯಲ್ಲಿ ಒಂದು ಪದವೂ ಕೂಡುವುದಿಲ್ಲ. ಸರಿ, ವ್ಯಂಜನ ಮಾತ್ರ ಬರೆಯೋಣ, ಗುಣಿತವನ್ನು ಆಡುವವರು ತಮಗೆ ಬೇಕಾದಂತೆ ಓದಿಕೊಳ್ಳಲಿ. ಆಗ 'ಕ', 'ರ' ಎರಡೇ ಸಿಕ್ಕರೂ ಕರ, ಕರಿ, ಕರು, ಕಾರು, ಕಿರಿ, ಕುರಿ, ಕೂರು, ಕೆರೆ, ಕೇರಿ, ಕೊರೆ, ಕೋರು ಎಲ್ಲವೂ ಆಗುತ್ತದೆ. ಇಕ್ಕಟ್ಟೇ ಇಲ್ಲದಿದ್ದರೆ ಆಟ ಎಲ್ಲಿಂದ ಬರಬೇಕು? ಅಡ್ಡಕ್ಕೆ 'ಕೆರೆ' ಎಂದು ಓದಿದ 'ಕ'ವನ್ನು ಮೇಲಿಂದ ಕೆಳಕ್ಕೆ 'ಕುರಿ' ಎಂದು ಓದಬಹುದೇ? ಓದಬಹುದೆಂದರೆ ಯಾವ ಪದವೂ ಎಲ್ಲಿ ಬೇಕಾದರೂ ಕೂರುತ್ತದೆ. ಓದಬಾರದೆಂದರೆ ಯಾರು ಯಾವ ಗುಣಿತ ಹೇಳಿದರು ಎಂಬುದನ್ನು ನೆನಪಿಡಲು ಒಬ್ಬ ಗುಮಾಸ್ತ ಬೇಕು.

ಮೂರನೇ ದಾರಿ, ವ್ಯಂಜನ ಬೇರೆ, ಗುಡಿಸು, ಕೊಂಬು, ಏತ್ವ ಬೇರೆ. ಬಿಲ್ಲೆಯ ಮೇಲೆ ಬಿಲ್ಲೆ ಇಡುವುದು. ಮದುವೆಯ ಕರೆಯೋಲೆ ಕತ್ತರಿಸಿ ನಮ್ಮ ಮನೆಯಲ್ಲಿ ಒಮ್ಮೆ ಹೀಗೆ ಮಾಡಿ ಆಡಿದೆವು. ಫ್ಯಾನ್ ಹಾಕಿದರೆ ಕೊಂಬುಗಳೆಲ್ಲ ಹಾರಿಹೋದವು ಎನ್ನುವುದು ಸಣ್ಣ ಸಮಸ್ಯೆ, ದಪ್ಪ ರಟ್ಟಿನಿಂದ ತೀರುತ್ತದೆ. 'ಅಮ್ಮ', 'ಹಬ್ಬ', 'ಹಳ್ಳಿ' ಬರೆಯಲು ಒತ್ತು ಬೇಕು, ಅದನ್ನು ಎಲ್ಲಿಡುವುದು ಎನ್ನುವುದೂ ಹೇಗೋ ತೀರಿತು. ತೀರದ ಜಗಳ ಇನ್ನೊಂದಿತ್ತು. ಅಜ್ಜಿ 'ಮರ'ದ ಪಕ್ಕ 'ವೂ' ಇಟ್ಟರು.

"ಅಜ್ಜಿ, 'ಮರವೂ' ಒಂದು ಪದಾನಾ?"

"ಯಾಕಲ್ಲ? 'ಗಾಳಿಗೆ ಮರವೂ ಬಿತ್ತು' ಅನ್ನಲ್ವೇನೋ ನೀನು?"

ಅಜ್ಜಿಯ ಮಾತು ಸರಿ. ಆಮೇಲೆ ಎಲ್ಲರೂ ಎಲ್ಲ ಪದಕ್ಕೂ 'ವೂ' ಹಚ್ಚತೊಡಗಿದರು, 'ವೇ' ಹಚ್ಚಿದರು, ಆಟ ಅಲ್ಲಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ಬಹುವಚನದ 'ಎಸ್' ಇದೇ ತೊಂದರೆ ಕೊಡುತ್ತದೆಂದು ಸ್ಕ್ರ್ಯಾಬಲ್ ಮಾಡಿದ ಆಲ್ಫ್ರೆಡ್ ಬಟ್ಸ್ ಅದನ್ನು ನಾಲ್ಕೇ ಬಿಲ್ಲೆಗೆ ಇಳಿಸಿದ್ದರು. ಕನ್ನಡದ ವಿಭಕ್ತಿ, ಬಹುವಚನ, ಊ-ಏ-ಓ, ಕ್ರಿಯಾಪದದ ರೂಪಗಳನ್ನೆಲ್ಲ ಹಾಗೆ ಇಳಿಸಲು ಬರುವುದಿಲ್ಲ. ನಿಘಂಟಿನಲ್ಲಿ ತಲೆಪದವಾಗಿ ಬಂದದ್ದು ಮಾತ್ರ ನಡೆಯುತ್ತದೆ ಎಂದು ಕಟ್ಟಳೆ ಮಾಡಬಹುದು. ಆಗ 'ಮಾಡು' ಇರುತ್ತದೆ, 'ಮಾಡಿದಳು' ಇರುವುದಿಲ್ಲ, ನಾವು ಬಾಯಲ್ಲಾಡುವ ಅರ್ಧ ಕನ್ನಡ ಮಣೆಯಿಂದ ಹೊರಗೆ. ಇನ್ನೂ ಒಂದು ಸಿಕ್ಕು ಉಂಟು. ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೈಯಿಂದ ಎಣಿಸಿ ಬಿಲ್ಲೆಗಳ ಸಂಖ್ಯೆ, ಅಂಕ ಗೊತ್ತು ಮಾಡಿದರು. ನಾವು ಕನ್ನಡ ಪತ್ರಿಕೆ ಇಟ್ಟುಕೊಂಡು ಎಣಿಸಿದರೆ ಸಾಲುಸಾಲಿಗೂ 'ಅಲ್ಲಿ'ಯ 'ಲ್ಲಿ' ಬರುತ್ತದೆ, ಮೊದಲೇ ಹೇಳಿದ ತಲೆಪದದ ಕಟ್ಟಳೆಯಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಪದದ ಕಟ್ಟಳೆ ತೀರ್ಮಾನವಾಗದೆ ಎಣಿಕೆ ಆಗದು, ಎಣಿಕೆ ಆಗದೆ ಆಡಲಾಗದು, ಆಡದೆ ಪದದ ಕಟ್ಟಳೆ ತೀರ್ಮಾನವಾಗದು. ಪತ್ರಿಕೆಯ ಪದಬಂಧ ಮಾಡುವವರಿಗೆ ಈ ಪಾಡಿಲ್ಲ, ಯಾವ ಪದ ಬರಬೇಕೆಂದು ಅವರೇ ಮೊದಲು ಗೊತ್ತುಮಾಡಿರುತ್ತಾರೆ.

ಬಟ್ಸ್ ಸ್ವತಃ ಕೆಲಸ ಹೋಗಿದ್ದ ವಾಸ್ತುಶಿಲ್ಪಿ. 1930ರ ದಶಕದ ಆರಂಭದಲ್ಲಿ ಅವರು ಮಾಡಿದ ಆಟಕ್ಕೆ ಮಣೆಯೇ ಇರಲಿಲ್ಲ. ಪ್ರಕಾಶಕರು ಹಿಂದಕ್ಕೆ ಕಳಿಸಿದರು. ಪದಬಂಧದಂತಹ ಮಣೆ ಬಂದದ್ದು ಹಲವು ವರ್ಷಗಳ ಮೇಲೆ. ಜೇಮ್ಸ್ ಬ್ರೂನೊ ಎಂಬಾತ ಅಂಕದ ಮನೆಗಳ ಜಾಗ ಬದಲಿಸಿ, ನಿಯಮ ಹಗುರ ಮಾಡಿ, ಸ್ಕ್ರ್ಯಾಬಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು 1948ರಲ್ಲಿ. ಜನ ಮುಗಿಬಿದ್ದದ್ದು 1952ರ ನಂತರ. ಪದ ಕೂಡಿಸುವ ಆಟ ಎಂಬ ಐಡಿಯಾ ಈ ಅವಧಿಯುದ್ದಕ್ಕೂ ಒಂದೇ ಇತ್ತು.

ಹಾಗಾದರೆ ಆಟ ಮಾಡಿದವರಿಗೆ ಹೆಸರು ಬೇಡವೇ? ಖಂಡಿತ ಬೇಕು. 1988ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ ಆಟ ರಚಿಸುವವರು ಕೆಲವರು ಒಂದೆಡೆ ಕೂತು, ಡಬ್ಬಿಯ ಮೇಲೆ ನಮ್ಮ ಹೆಸರು ಅಚ್ಚು ಮಾಡದ ಕಂಪನಿಗೆ ಆಟ ಕೊಡುವುದಿಲ್ಲ ಎಂದು ಬಿಯರ್ ಗ್ಲಾಸಿನ ಕೆಳಗಿಡುವ ರಟ್ಟಿನ ಮೇಲೆ ಬರೆದು ಸಹಿ ಹಾಕಿದರು. ಪುಸ್ತಕಕ್ಕೆ ಇರುವ ಹಾಗೆ ಆಟಕ್ಕೂ ಕರ್ತೃವಿನ ಹೆಸರು ಬಂದದ್ದು ಆ ಜಗಳದಿಂದ. ಅವರು ಕೇಳಿದ್ದು ಬೆವರಿನ ಬೆಲೆ. 1995ರಲ್ಲಿ ಬಂದ 'ಕ್ಯಾಟನ್' ಮಾಡಿದ ಕ್ಲೌಸ್ ಟಾಯ್ಬರ್ ಹಲ್ಲು ಕಟ್ಟುವ ಲ್ಯಾಬಿನ ಕಸುಬಿನವರಾಗಿದ್ದರು. ಮನೆಮಂದಿಯನ್ನು ಕೂರಿಸಿಕೊಂಡು ವರ್ಷಗಟ್ಟಲೆ ಆಡಿಸಿದರು, ಒಂದೇ ಆಟದಲ್ಲಿ ತುರುಕಿದ್ದು ಜಾಸ್ತಿಯಾಯಿತೆಂದು ಕತ್ತರಿಸಿದರು, ಕತ್ತರಿಸಿ ತೆಗೆದ ಭಾಗಗಳಿಂದ ಮುಂದೆ ಬೇರೆ ಆಟಗಳೇ ಆದವು. ಇಂಥ ಕತ್ತರಿಯ ಕತೆಯನ್ನು ನಮ್ಮ ಯಶೋಗಾಥೆಗಳಲ್ಲಿ ಯಾರೂ ಬರೆಯುವುದಿಲ್ಲ, ಅದರಲ್ಲಿ 'ಹೊಳೆದ' ಕ್ಷಣ ಇರುವುದಿಲ್ಲವಲ್ಲ.

ಶಾಲೆಯ ಸ್ಪರ್ಧೆ ನಡೆಸುವವರಿಗೆ ಒಂದು ಮಾತು. ಡ್ರಾಯಿಂಗ್ ಶೀಟು ಬೇಡ ಎನ್ನಿ. ರಟ್ಟು, ಪೆನ್ಸಿಲ್, ಬಟನ್, ಹುಣಸೆ ಬೀಜ ಕೊಡಿ. ಎರಡು ಗೆರೆಯ ನಿಯಮ ಬರೆಯಲಿ, ಅದನ್ನು ಬೇರೆ ತರಗತಿಯ ಮಕ್ಕಳು ಆಡಲಿ, ಮಾಡಿದ ಮಗು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡಲಿ. ವಿವರಿಸುವ ಹಾಗಿಲ್ಲ, "ಹಾಗಲ್ಲ, ಹೀಗೆ" ಎನ್ನುವ ಹಾಗಿಲ್ಲ. ಎಲ್ಲಿ ಜಗಳ ಬಂತು, ಎಲ್ಲಿ ಆಕಳಿಕೆ ಬಂತು ಎಂದು ಬರೆದುಕೊಂಡು ಹೋಗಿ ಒಂದು ನಿಯಮ ಬದಲಿಸಿ ಮಾರನೇ ದಿನ ತರಲಿ. ಅಂಕ ಹಾಕುವುದಿದ್ದರೆ ಆ ಬದಲಾವಣೆಗೆ ಹಾಕಿ. ಆಡಿದ ಮಕ್ಕಳು ಬೆಲ್ ಹೊಡೆದ ಮೇಲೂ ಏಳದಿದ್ದರೆ ಬಹುಮಾನ ಕೊಡಿ, ಮಣೆಗೆ ಬಣ್ಣ ಹಚ್ಚುವುದನ್ನು ಆಮೇಲೆ ನೋಡಿಕೊಂಡರಾಯಿತು.